ಸೆಕೆಂಡಿಗೆ 401 ಸಲ ಮಿಡಿಯುವ ತಾರೆ

ನಾವು ಒಮ್ಮೆ ಕಣ್ಣು ಮಿಟುಕಿಸಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಧನು ರಾಶಿಯ ದಿಕ್ಕಿನಲ್ಲಿರುವ ಸ್ಯಾಕ್ಸ್ ಜೆ1808 ಎಂಬ ತಾರೆ ತನ್ನ ಸುತ್ತ ನಲವತ್ತು ಬಾರಿ ತಿರುಗಿರುತ್ತದೆ. ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತಾಗ ಉಳಿದ ತಿರುಳು ಅದು. ಸೂರ್ಯನಿಗಿಂತ ಹೆಚ್ಚಿನ ದ್ರವ್ಯ ಸುಮಾರು 20 ಕಿಲೋಮೀಟರ್ ಅಗಲದ ಗೋಳದಲ್ಲಿ ಅಡಕವಾಗಿರುವ ಇಂಥವುಗಳನ್ನು ನ್ಯೂಟ್ರಾನ್ ನಕ್ಷತ್ರಗಳೆನ್ನುತ್ತಾರೆ.

ಈ ತಾರೆಗೊಂದು ಬಡಕಲು ಸಂಗಾತಿಯಿದೆ. ಎರಡು ಗಂಟೆಗೊಮ್ಮೆ ಅವೆರಡೂ ಒಂದು ಸುತ್ತು ಮುಗಿಸುತ್ತವೆ. ಸಂಗಾತಿಯಿಂದ ಸೆಳೆದ ಅನಿಲ ನೇರವಾಗಿ ಬೀಳುವುದಿಲ್ಲ. ತಟ್ಟೆಯಂತೆ ಹರಡಿ, ಆಮೇಲೆ ಕಾಂತಕ್ಷೇತ್ರದ ದಾರಿ ಹಿಡಿದು ಧ್ರುವಗಳ ಮೇಲೆ ಸುರಿಯುತ್ತದೆ. ಅಲ್ಲಿ ಕಾದ ಜಾಗ ಕ್ಷ-ಕಿರಣ ಸೂಸುತ್ತದೆ. ತಾರೆ ತಿರುಗಿದಂತೆ ಅದು ಏರಿಳಿಯುತ್ತದೆ. ಈ ಮಿಡಿತ 1998ರಲ್ಲೇ ಪತ್ತೆಯಾಗಿತ್ತು.

ಆದರೆ ಕಣ್ಣಿಗೆ ಕಾಣುವ ಬೆಳಕು? ಅದು ಬಹುಪಾಲು ಬರುವುದು ವಿಶಾಲವಾದ ತಟ್ಟೆಯಿಂದ. ಅಷ್ಟು ದೊಡ್ಡ ವಸ್ತು ಸೆಕೆಂಡಿಗೆ ನೂರಾರು ಸಲ ಮಿಡಿಯಲಾರದು. ಆದ್ದರಿಂದ ಹುಡುಕುವುದೇ ವ್ಯರ್ಥ ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪೆನ್ನಲಾಗದು. 2019ರ ಆಗಸ್ಟ್‌ನಲ್ಲಿ ತಾರೆ ಉಕ್ಕಿ ಬೆಳಗಿದಾಗ ಇಟಲಿಯ ಫಿಲಿಪ್ಪೊ ಅಂಬ್ರೊಸಿನೊ ಮತ್ತು ಸಂಗಡಿಗರು ಹುಡುಕಿಯೇ ಬಿಟ್ಟರು. ಕೆನರಿ ದ್ವೀಪದ ಲಾ ಪಾಲ್ಮಾದಲ್ಲಿರುವ ಗೆಲಿಲಿಯೊ ದೂರದರ್ಶಕಕ್ಕೆ, ಬೆಳಕಿನ ಒಂದೊಂದು ಕಣ ಬಂದ ಕ್ಷಣವನ್ನೂ ಗುರುತು ಹಾಕುವ ಉಪಕರಣ ಜೋಡಿಸಿದ್ದರು. ಅತಿನೇರಳೆ ಕಿರಣವನ್ನು ಹಬಲ್ ನೋಡಿತು. ಎರಡರಲ್ಲೂ ಅದೇ 401ರ ಮಿಡಿತ! ಗೋಚರ ಬೆಳಕಿನಲ್ಲಿ ಅದರ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. 2021ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಪಾಲು ಚಿಕ್ಕದಾದರೂ ಪೇಚು ದೊಡ್ಡದು. ಧ್ರುವದ ಪುಟ್ಟ ಜಾಗ ಎಷ್ಟು ಕಾದರೂ ಅಷ್ಟು ಗೋಚರ ಬೆಳಕು ಕೊಡಲಾರದು. ಬೆಳಕಿನ ವೇಗಕ್ಕೆ ಸಮೀಪಿಸುವ ಇಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುವಾಗ ಕೊಡಬಲ್ಲವು. ಅವುಗಳನ್ನು ಓಡಿಸುವುದು ತಾರೆಯ ತಿರುಗುವಿಕೆಯಿಂದ ಹುಟ್ಟುವ ವಿದ್ಯುತ್ ಬಲ. ಆದರೆ ಮೇಲಿಂದ ಅನಿಲ ಸುರಿಯುತ್ತಿರುವಾಗ ಆ ವಿದ್ಯುತ್ ಯಂತ್ರ ನಂದಿಹೋಗುತ್ತದೆ ಎಂಬುದು ಬಹುಕಾಲದ ತಿಳುವಳಿಕೆ. ಒಲೆಗೆ ನೀರು ಸುರಿದ ಮೇಲೂ ಕೆಂಡ ಉರಿಯುತ್ತಿದೆ ಎಂದರೆ ಹೇಗೋ ಹಾಗೆ.

ಇದಕ್ಕೂ ಮೊದಲು, 2017ರಲ್ಲಿ, ಜೆ1023 ಎಂಬ ಇನ್ನೊಂದು ತಾರೆಯಲ್ಲಿ ಗೋಚರ ಮಿಡಿತ ಸಿಕ್ಕಿತ್ತು. ಅಲ್ಲಿ ಬೀಳುವ ಅನಿಲ ಬಹಳ ಕಡಿಮೆ. ತಾರೆಯಿಂದ ಹೊರಡುವ ಕಣಗಳ ಗಾಳಿ ತಟ್ಟೆಯ ಒಳ ಅಂಚಿಗೆ ಬಡಿದು ಬೆಳಕು ಹುಟ್ಟುತ್ತದೆಂದು ವಿವರಿಸಲು ಅವಕಾಶವಿತ್ತು. ಆದರೆ ಜೆ1808 ಆಗ ಹೊಟ್ಟೆ ತುಂಬ ಉಣ್ಣುತ್ತಿತ್ತು. ಅಷ್ಟು ಅನಿಲದ ನಡುವೆಯೂ ಕಣಗಳು ಓಡುವುದು ಹೇಗೆಂಬ ಪ್ರಶ್ನೆ ಇತ್ಯರ್ಥವಾಗಿಲ್ಲ.