ಬೆಳ್ಳಿಯ ಮೇಲಿನ ಮರುಮುದ್ರೆ

ದೀಪಾವಳಿಯ ಲಕ್ಷ್ಮೀಪೂಜೆಯಂದು ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಹಳೆಯ ಮನೆತನಗಳಲ್ಲಿ ಹಿರಿಯರ ಕಾಲದ ಬೆಳ್ಳಿಯ ರೂಪಾಯಿಗಳನ್ನು ತೊಳೆದು ಪೂಜೆಗಿಡುವ ರೂಢಿಯುಂಟು. ಅವುಗಳಲ್ಲಿ ಕೆಲವುಗಳ ಮೇಲೆ ಹೂವು, ಚುಕ್ಕೆಗಳಂಥ ಸಣ್ಣ ಗುರುತುಗಳು ಒತ್ತಿರುತ್ತವೆ. ಕೆಟ್ಟ ನಾಣ್ಯವೆಂದು ಬಗೆದು ಅವನ್ನು ಅಕ್ಕಸಾಲಿಗನಲ್ಲಿ ಕರಗಿಸುವವರೂ ಇದ್ದಾರೆ. ಗುರುತಿನ ಮರ್ಮವರಿತವರು ಹಾಗೆ ಮಾಡಲಾರರು.

1835ರಲ್ಲಿ ಕಂಪನಿ ಸರಕಾರವು 180 ಗ್ರೇನ್ ತೂಕದ ಏಕರೂಪದ ರೂಪಾಯಿಯನ್ನು ಜಾರಿಗೆ ತಂದಿತು. ಅದಕ್ಕೆ ಮುನ್ನ ಹಲವು ಟಂಕಸಾಲೆಗಳ ನಾಣ್ಯಗಳು ನಮ್ಮ ಪೇಟೆಗಳಲ್ಲಿ ಓಡಾಡುತ್ತಿದ್ದವು. ಚಿನಿವಾರನು ಬೆಳ್ಳಿಯನ್ನು ಪರೀಕ್ಷಿಸಿ, ವಟ್ಟ ಹಿಡಿದು, ತಾನು ಒಪ್ಪಿದ ನಾಣ್ಯಕ್ಕೆ ತನ್ನ ಗುರುತು ಒತ್ತುತ್ತಿದ್ದನು. ಇದು ವ್ಯಾಪಾರಿಯ ಭರವಸೆ. ಪ್ರಭುತ್ವವು ಒತ್ತಿಸುವ ಮರುಮುದ್ರೆಯ ಉದ್ದೇಶವೇ ಬೇರೆ.

ದಕ್ಷಿಣ ಅಮೆರಿಕೆಯ ಪೆರು ದೇಶವು 1821ರಲ್ಲಿ ಸ್ಪೇನಿನಿಂದ ಸ್ವಾತಂತ್ರ್ಯ ಸಾರಿ, 'ಸ್ವತಂತ್ರ ಪೆರು' ಎಂಬ ಬರಹದ ಬೆಳ್ಳಿಯ ನಾಣ್ಯ ಹೊರಡಿಸಿತು. 1824ರಲ್ಲಿ ಸ್ಪೇನ್ ಅರಸನ ಪಡೆಗಳು ರಾಜಧಾನಿ ಲಿಮಾವನ್ನು ಮರಳಿ ಹಿಡಿದಾಗ ಆ ನಾಣ್ಯಗಳ ಮೇಲೆಯೇ ಕಿರೀಟವನ್ನೂ 1824 ಎಂಬ ಅಂಕೆಯನ್ನೂ ಒತ್ತಿಸಿದವು. ಬೆಳ್ಳಿ ಬೇಕು, ಸ್ವಾತಂತ್ರ್ಯದ ಮಾತು ಬೇಡ! ಆದರೆ ಕಿರೀಟದ ಪಕ್ಕದಲ್ಲಿ ಮೊದಲಿನ ಬರಹವೂ ಉಳಿಯಿತು. ಸ್ಪೇನಿನ ಅಧೀನದಲ್ಲಿದ್ದ ಫಿಲಿಪೈನ್ಸಿನ ಮನಿಲಾದಲ್ಲಿಯೂ 1828ರಿಂದ, ಸ್ವತಂತ್ರಗೊಂಡ ದೇಶಗಳ ನಾಣ್ಯಗಳಿಗೆ ಅರಸನ ಮುದ್ರೆ ಬಿದ್ದಿತು.

ಅದೇ 1824ರಲ್ಲಿ ನಮ್ಮ ಕಿತ್ತೂರಿನಲ್ಲಿಯೂ ಮುದ್ರೆಯ ಪ್ರಶ್ನೆ ಎದ್ದಿತ್ತು. ದತ್ತಕವನ್ನೊಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಸ್ಥಾನದ ಖಜಾನೆಗೆ ಮುದ್ರೆಯೊತ್ತಿಸಿ ಕಾವಲಿರಿಸಿದನು. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದೆದುರು ಅವನು ಮಡಿದನು. ಡಿಸೆಂಬರ್ ಮೊದಲ ವಾರದಲ್ಲಿ ಕಿತ್ತೂರು ಬಿದ್ದಿತು. ಡಿಸೆಂಬರ್ 9ರಂದು ಪೆರುವಿನ ಅಯಾಕುಚೋ ಕಾಳಗದಲ್ಲಿ ಸ್ವಾತಂತ್ರ್ಯಪಕ್ಷ ಗೆದ್ದಿತು. ಒಂದು ತಿಂಗಳು, ಎರಡು ಫಲ. ಆದರೂ ಖಜಾನೆಯ ಮುದ್ರೆಯಾಗಲಿ ನಾಣ್ಯದ ಕಿರೀಟವಾಗಲಿ ಜನರ ನೆನಪನ್ನು ಅಳಿಸಲಾರದೆ ಹೋದವು.

ಆದುದರಿಂದ ಸದ್ಭಕ್ತ ಬಂಧುಗಳೇ, ಮನೆಯ ಹಳೆಯ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ, ಕರಗಿಸಬೇಡಿರಿ. ಯಾರಿಂದ, ಯಾವ ಊರಿನಿಂದ ಬಂದಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿರಿಸಿರಿ. ಕರಗಿದರೆ ಒಂದು ತೊಲೆಯಷ್ಟು ಬೆಳ್ಳಿ ಕೈಸೇರೀತು. ಹಿರಿಯರ ಸಾಕ್ಷಿ ಮತ್ತೆ ದೊರೆಯದು.