ಒಂದನೇ ನಂಬರಿನ ಪೊಲೀಸ್ ಬಿಲ್ಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಟ್ರಾಮುಗಳಲ್ಲಿ ಪೊಲೀಸರಿಗೆ ಟಿಕೆಟ್ ಇರಲಿಲ್ಲ. ಇಲಾಖೆಯ ಬಿಲ್ಲೆ ತೋರಿಸಿದರೆ ಪ್ರಯಾಣ ಪುಕ್ಕಟೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಆಲಿಸ್ ಸ್ಟೆಬಿನ್ಸ್ ವೆಲ್ಸ್ ತಮ್ಮ ಬಿಲ್ಲೆ ತೋರಿಸಿದಾಗ ಕಂಡಕ್ಟರ್ ನಂಬಲಿಲ್ಲ. ಗಂಡನ ಬಿಲ್ಲೆಯನ್ನು ಹೆಂಡತಿ ದುರುಪಯೋಗ ಮಾಡಿಕೊಳ್ಳುತ್ತಿದ್ದಾಳೆ ಎಂದೇ ಆತ ತಿಳಿದ. ಕೊನೆಗೆ ಇಲಾಖೆ ಅವರಿಗೆ ಬೇರೆಯದೇ ಬಿಲ್ಲೆ ಮಾಡಿಸಿಕೊಟ್ಟಿತು. ಅದರ ಮೇಲೆ ‘ಪೊಲೀಸ್ ಮಹಿಳೆ’ ಎಂಬ ಅರ್ಥದ ಇಂಗ್ಲಿಷ್ ಪದ. ಕೆಳಗೆ ಸಂಖ್ಯೆ: 1.

ಆಲಿಸ್ ವೆಲ್ಸ್ ಹುಟ್ಟಿದ್ದು 1873ರಲ್ಲಿ, ಕ್ಯಾನ್ಸಸ್ ರಾಜ್ಯದಲ್ಲಿ. ಧರ್ಮಶಾಸ್ತ್ರ ಓದಿ, ಚರ್ಚುಗಳಲ್ಲಿ ಉಪನ್ಯಾಸ ಮಾಡುತ್ತ, ಸಮಾಜಸೇವೆಯಲ್ಲಿ ತೊಡಗಿದ್ದವರು. ಅಪರಾಧದ ವಿಷಯವನ್ನು ಹತ್ತಿರದಿಂದ ನೋಡಿದಾಗ ಅವರಿಗೆ ಒಂದು ಕೊರತೆ ಕಣ್ಣಿಗೆ ಬಿತ್ತು. ಅಮೆರಿಕದ ಪೊಲೀಸ್ ಇಲಾಖೆಗಳಲ್ಲಿ ಹೆಂಗಸರು ಇರಲೇ ಇಲ್ಲವೆಂದಲ್ಲ. ‘ಮೇಟ್ರನ್’ ಎಂಬ ಹುದ್ದೆಯಲ್ಲಿ ಇದ್ದರು. ಲಾಸ್ ಏಂಜಲಿಸ್‌ನಲ್ಲಿ 1888ರಿಂದಲೇ ಆ ಹುದ್ದೆ ಇತ್ತು. ಸೆರೆಸಿಕ್ಕ ಹೆಂಗಸರನ್ನು, ಮಕ್ಕಳನ್ನು ಲಾಕಪ್ಪಿನಲ್ಲಿ ನೋಡಿಕೊಳ್ಳುವುದು ಅವರ ಕೆಲಸ. ಅಂದರೆ ಹುಡುಗಿಯೊಬ್ಬಳು ಕೆಟ್ಟು ಬಂಧನಕ್ಕೆ ಒಳಗಾದ ಮೇಲಷ್ಟೇ ಅವಳಿಗೆ ಒಬ್ಬ ಹೆಂಗಸಿನ ಮುಖ ಕಾಣುತ್ತಿತ್ತು. ಹಾಗಾಗದಂತೆ ಮೊದಲೇ ತಡೆಯುವ, ಬೀದಿಯಲ್ಲೇ ಅಧಿಕಾರದಿಂದ ಮಾತನಾಡಬಲ್ಲ ಹೆಂಗಸು ಬೇಕು ಎಂಬುದು ವೆಲ್ಸ್ ಅವರ ವಾದ.

ವಾದ ಮಾಡಿ ಸುಮ್ಮನಾಗದೆ, ಊರಿನ ನೂರು ಮಂದಿ ಗಣ್ಯರ ಸಹಿ ಹಾಕಿಸಿ ಮೇಯರ್ ಜಾರ್ಜ್ ಅಲೆಗ್ಸಾಂಡರ್ ಅವರಿಗೂ ನಗರಸಭೆಗೂ ಮನವಿ ಸಲ್ಲಿಸಿದರು. 1910ರ ಸೆಪ್ಟೆಂಬರಿನಲ್ಲಿ ನೇಮಕವಾಯಿತು. ಕ್ಯಾಲಿಫೋರ್ನಿಯದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು ಅದರ ಮರುವರ್ಷ, 1911ರ ಅಕ್ಟೋಬರಿನಲ್ಲಿ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಕಾನೂನು ಮಾಡುವವರನ್ನು ಆರಿಸುವ ಹಕ್ಕಿಲ್ಲದವರ ಕೈಗೆ ಕಾನೂನು ಕಾಯುವ ಅಧಿಕಾರ ಮೊದಲು ಬಂದಿತ್ತು.

ಇಲಾಖೆ ಕೊಟ್ಟ ಸಾಮಗ್ರಿ ಅಲ್ಪ: ಬೀದಿಯ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯ ಬೀಗದ ಕೈ, ನಿಯಮಗಳ ಒಂದು ಪುಸ್ತಕ, ಪ್ರಥಮ ಚಿಕಿತ್ಸೆಯ ಒಂದು ಪುಸ್ತಕ ಮತ್ತು ಬಿಲ್ಲೆ. ಪಿಸ್ತೂಲಿಲ್ಲ, ಲಾಠಿಯಿಲ್ಲ. ಸಮವಸ್ತ್ರವನ್ನು ಅವರೇ ಹೊಲಿದುಕೊಂಡರು. ನೆಲ ಮುಟ್ಟುವ ಉಡುಪು, ಮೇಲೊಂದು ಕೋಟು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಮಾತ್ರ ‘ಪೊಲೀಸ್ ಹೆಂಗಸು’ ಎಂದರೆ ಕೈಯಲ್ಲಿ ರಿವಾಲ್ವರ್ ಹಿಡಿದ, ಬಿಗಿಯಾಗಿ ತುರುಬು ಕಟ್ಟಿದ ಗಂಡುಬೀರಿ!

ಸ್ಕೇಟಿಂಗ್ ಅಂಗಳ, ನಾಚ್‌ಘರ್, ಆಗ ತಾನೇ ಹುಟ್ಟಿಕೊಂಡಿದ್ದ ಸಿನೆಮಾ ಮಂದಿರ ಮೊದಲಾದೆಡೆ ಹೋಗಿ ಅಲ್ಲಿ ಹೆಣ್ಣುಮಕ್ಕಳಿಗೆ ಅಪಾಯವಿಲ್ಲವೆಂದು ನೋಡುವುದು, ಅಸಹ್ಯ ಜಾಹೀರಾತು ಫಲಕಗಳನ್ನು ತೆಗೆಸುವುದು, ಕಾಣೆಯಾದವರನ್ನು ಹುಡುಕುವುದು, ಸಲಹೆ ಕೇಳಿ ಬಂದ ಹೆಂಗಸರ ಅಹವಾಲು ಆಲಿಸುವುದು ಅವರ ಪಾಲಿಗೆ ಬಂದ ಕೆಲಸ. ಅವರ ನೇಮಕದ ಬೆನ್ನಿಗೇ ಇಲಾಖೆ ಹೊರಡಿಸಿದ ಒಂದು ಆದೇಶ ಇವೆಲ್ಲಕ್ಕಿಂತ ಮಹತ್ವದ್ದು. ಅದರ ಪ್ರಕಾರ ಎಳೆಯ ಹುಡುಗಿಯರನ್ನು ಗಂಡಸು ಪೊಲೀಸರು ವಿಚಾರಣೆ ಮಾಡುವಂತಿಲ್ಲ. ಆ ಕೆಲಸ ಮಹಿಳಾ ಪೊಲೀಸರದ್ದು ಮಾತ್ರ. ತನಗಾದ ಅನ್ಯಾಯವನ್ನು ಹುಡುಗಿ ಯಾರ ಮುಂದೆ ಬಾಯಿಬಿಟ್ಟು ಹೇಳಬಲ್ಲಳು ಎಂಬ ಪ್ರಶ್ನೆಯನ್ನು ಒಂದು ಪೊಲೀಸ್ ಇಲಾಖೆ ಬರಹದಲ್ಲಿ ಒಪ್ಪಿಕೊಂಡ ಆರಂಭದ ನಿದರ್ಶನಗಳಲ್ಲಿ ಇದೂ ಒಂದು.

ಇಲಾಖೆ ಸೇರಿದ ಮೊದಲ ಹೆಂಗಸು ವೆಲ್ಸ್ ಎಂದು ಬಹುಕಾಲ ಹೇಳಲಾಗುತ್ತಿತ್ತು. ಅದು ಪೂರ್ತಿ ಸರಿಯಲ್ಲ. 1908ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಲೋಲಾ ಬಾಲ್ಡ್ವಿನ್, ಅದಕ್ಕೂ ಮೊದಲು 1891ರಲ್ಲಿ ಷಿಕಾಗೋದಲ್ಲಿ ಮೇರಿ ಓವೆನ್ಸ್ ಪೊಲೀಸ್ ಅಧಿಕಾರ ಪಡೆದಿದ್ದರು. ಓವೆನ್ಸ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಬಿಡಿಸುವ ಕೆಲಸ ಮಾಡಿದವರು. ಆದರೆ ಒಬ್ಬರ ನೇಮಕವನ್ನು ಒಂದು ಚಳವಳಿಯಾಗಿ ಮಾಡಿದ ಕೀರ್ತಿ ವೆಲ್ಸ್‌ಗೆ ಸಲ್ಲುತ್ತದೆ. ಅವರು ಊರೂರು ತಿರುಗಿ ಭಾಷಣ ಮಾಡಿದರು. 1915ರ ಹೊತ್ತಿಗೆ ಇನ್ನೂ 16 ನಗರಗಳು ಮಹಿಳೆಯರನ್ನು ನೇಮಿಸಿಕೊಂಡಿದ್ದವು. ಅದೇ ವರ್ಷ ಹುಟ್ಟಿದ ಮಹಿಳಾ ಪೊಲೀಸರ ಅಂತರರಾಷ್ಟ್ರೀಯ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷೆ. 1940ರಲ್ಲಿ ನಿವೃತ್ತರಾದರು; 1957ರಲ್ಲಿ ತೀರಿಕೊಂಡಾಗ ಮಹಿಳಾ ಪೊಲೀಸರ ತುಕಡಿಯೇ ಬಂದು ಗೌರವ ಸಲ್ಲಿಸಿತು.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಅದು ಬರೀ ಸಾಧನೆಯ ಕಥೆಯಾಗುತ್ತಿತ್ತು. ಆದರೆ ವೆಲ್ಸ್ ಬಾಗಿಲು ತೆರೆಯಲು ಬಳಸಿದ ಕೀಲಿಯೇ ಮುಂದೆ ಆ ಬಾಗಿಲಿಗೆ ಚಿಲಕವೂ ಆಯಿತು. ಹೆಂಗಸರ ಸಂಕಟ ಹೆಂಗಸರಿಗೇ ಚೆನ್ನಾಗಿ ಅರ್ಥವಾಗುತ್ತದೆ ಎಂಬ ಮಾತನ್ನು ಇಲಾಖೆಗಳು, ಹೆಂಗಸರಿಗೆ ಅರ್ಥವಾಗುವುದು ಅಷ್ಟೇ ಎಂದು ಓದಿಕೊಂಡವು. ಗಸ್ತು, ಕೊಲೆಯ ತನಿಖೆ, ಮೇಲಿನ ಹುದ್ದೆ ಎಲ್ಲ ಗಂಡಸರಿಗೆ. ಮಕ್ಕಳು ಮತ್ತು ಹೆಣ್ಣುಮಕ್ಕಳ ವಿಭಾಗ ಹೆಂಗಸರಿಗೆ. ರಕ್ಷಣೆ ಎಂಬುದರಲ್ಲಿ ಕಾವಲೂ ಬೆರೆತಿತ್ತು. ನಾಚ್‌ಘರ್‌ಗೆ ಹೋದ ದುಡಿಯುವ ಹುಡುಗಿ ಅಪಾಯದಲ್ಲಿದ್ದಾಳೋ, ಅಥವಾ ಸಂಜೆಯ ಹೊತ್ತು ಖುಷಿಯಾಗಿದ್ದಾಳೋ ಎಂಬ ತೀರ್ಮಾನ ಅವಳದಾಗಿರಲಿಲ್ಲ.

ಅಮೆರಿಕದಲ್ಲಿ ಇಬ್ಬರು ಹೆಂಗಸರು ಗಂಡಸರಂತೆಯೇ ಗಸ್ತಿನ ಕಾರು ಹತ್ತಿ ಹೊರಡಲು 1968ರವರೆಗೆ ಕಾಯಬೇಕಾಯಿತು. ಇಂಡಿಯಾನಾಪೊಲಿಸ್ ನಗರದ ಬೆಟ್ಟಿ ಬ್ಲಾಂಕೆನ್‌ಷಿಪ್ ಮತ್ತು ಎಲಿಜಬೆತ್ ಕೋಫಲ್ ಆ ಇಬ್ಬರು. ವೆಲ್ಸ್ ಅವರ ಲಾಸ್ ಏಂಜಲಿಸ್‌ನಲ್ಲಿಯೇ ಹೆಂಗಸರಿಗೆ ಸಾರ್ಜೆಂಟ್ ಹುದ್ದೆಯ ಮೇಲೆ ಬಡ್ತಿ ಇರಲಿಲ್ಲ. ಅದನ್ನು ಪ್ರಶ್ನಿಸಿ ಫ್ಯಾನ್‌ಷನ್ ಬ್ಲೇಕ್ ಎಂಬ ಅಧಿಕಾರಿ 1973ರಲ್ಲಿ ಮೊಕದ್ದಮೆ ಹೂಡಿದರು. 1980ರಲ್ಲಿ ರಾಜಿಯಾದಾಗ, ಪಡೆಯಲ್ಲಿ ಮಹಿಳೆಯರ ಪ್ರಮಾಣವನ್ನು ಶೇಕಡ 20ಕ್ಕೆ ಏರಿಸುವ ಗುರಿಯನ್ನು ಇಲಾಖೆ ಒಪ್ಪಬೇಕಾಯಿತು.

ನಮ್ಮ ದೇಶದಲ್ಲಿಯೂ ಈ ಎರಡು ಎಳೆಗಳು ಜೊತೆಜೊತೆಗೇ ಸಾಗಿ ಬಂದಿವೆ. 1972ರಲ್ಲಿ ಕಿರಣ್ ಬೇಡಿ ಐಪಿಎಸ್ ಸೇರಿ, ಗಂಡಸರು ಮಾಡುವ ಕೆಲಸವನ್ನೇ ಮಾಡಲು ಹೊರಟ ಮೊದಲ ಮಹಿಳೆಯಾದರು. 1973ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ್ದು ಬೇರೆ ದಾರಿ: ಹೆಂಗಸರಿಗಾಗಿ ಹೆಂಗಸರದೇ ಠಾಣೆ. ಕರ್ನಾಟಕದಲ್ಲಿ 1975ರ ತಂಡದ ಜೀಜಾ ಹರಿಸಿಂಗ್ ಅವರಿಂದ ಆರಂಭವಾದ ಐಪಿಎಸ್ ಮಹಿಳೆಯರ ಸಾಲು, 2017ರಲ್ಲಿ ನೀಲಮಣಿ ರಾಜು ರಾಜ್ಯದ ಪೊಲೀಸ್ ಮುಖ್ಯಸ್ಥರಾಗುವವರೆಗೆ ಬೆಳೆಯಿತು. ಅತ್ಯಾಚಾರದಂಥ ಅಪರಾಧಗಳಲ್ಲಿ ನೊಂದ ಮಹಿಳೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದು ನಮ್ಮ ಕಾನೂನಿಗೆ ಸೇರಿದ್ದು 2013ರಲ್ಲಿ. ಲಾಸ್ ಏಂಜಲಿಸ್‌ನ ಆ ಆದೇಶಕ್ಕೆ ಆಗ ನೂರು ವರ್ಷ ದಾಟಿತ್ತು.

ಈ ಕಾನೂನಿಗೆ ಬೆಲೆ ಬರಬೇಕಾದರೆ ಹೊತ್ತಲ್ಲದ ಹೊತ್ತಿನಲ್ಲೂ ದೂರದ ಊರಿನ ಠಾಣೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಇರಬೇಕು. ಇದ್ದಾಕೆಯನ್ನು ಆ ಒಂದು ಕೆಲಸಕ್ಕೇ ಕಟ್ಟಿಹಾಕಲೂ ಬಾರದು. ನೊಂದ ಹುಡುಗಿಯ ಮಾತು ಕೇಳುವವಳೇ ಕಳ್ಳನನ್ನೂ ಹಿಡಿಯಬೇಕು, ಠಾಣೆಯನ್ನೂ ಆಳಬೇಕು. ಹೆಂಗಸರ ನೋವನ್ನು ಕೇಳಬಲ್ಲ ಕಿವಿಯನ್ನು ಗಂಡಸು ಪೊಲೀಸರೂ ಬೆಳೆಸಿಕೊಳ್ಳಬೇಕು. ಅದಾಗುವ ತನಕ ಒಂದನೇ ನಂಬರಿನ ಬಿಲ್ಲೆಯ ಕೆಲಸ ಪೂರ್ತಿಯಾಗುವುದಿಲ್ಲ.