ನೀರಾಗದ ಮಂಜುಗಡ್ಡೆ

ದೇವರ ಗೂಡಿನಲ್ಲಿ ಕರ್ಪೂರದ ಭರಣಿಯನ್ನು ಸಡಿಲವಾಗಿ ಮುಚ್ಚಿ ಮರೆತು, ಕೆಲವು ತಿಂಗಳ ತರುವಾಯ ತೆರೆದು ನೋಡಿದರೆ ಬಿಲ್ಲೆಗಳು ಸವೆದು ಸಣ್ಣವಾಗಿರುತ್ತವೆ. ಭರಣಿಯ ತಳದಲ್ಲಿ ಒಂದು ಹನಿ ದ್ರವವೂ ಕಾಣದು. ಘನಪದಾರ್ಥವು ಕರಗಿ ದ್ರವವಾಗದೆ ನೇರವಾಗಿ ಆವಿಯಾಗುವ ಈ ಕ್ರಿಯೆಗೆ ಉತ್ಪತನವೆಂದು ಹೆಸರು. ನಮ್ಮ ರಸಶಾಸ್ತ್ರಕಾರರು ಹೇಳಿದ ಊರ್ಧ್ವಪಾತನವು ಇದರ ನೆಂಟನೇ. ಆದರೆ ಅಲ್ಲಿ ಪಾದರಸವು ಮೊದಲೇ ದ್ರವವಾಗಿರುವುದರಿಂದ ಎರಡನ್ನೂ ಒಂದೇ ಎನ್ನಲಾಗದು. ಇಷ್ಟನ್ನು ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನಾನು, ಅದೇ ಉತ್ಪತನವು ನನ್ನ ಬೆನ್ನ ಹಿಂದೆಯೇ ನಡೆಯುತ್ತಿದ್ದಾಗ ಗುರುತಿಸದೆ ಹೋದೆನೆಂಬುದನ್ನು ವಾಚಕರಲ್ಲಿ ಒಪ್ಪಿಕೊಳ್ಳಬೇಕಾಗಿದೆ.

2025ನೆಯ ಇಸವಿಯ ವೈಶಾಖದಲ್ಲಿ ಸುರಪುರದಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಊಟಕ್ಕೆ ಬೇಕಾದ ಐಸ್‌ಕ್ರೀಮಿನ ಪೆಟ್ಟಿಗೆಯನ್ನು ಯಾದಗಿರಿಯಿಂದ ನಮ್ಮ ಕಾರಿನಲ್ಲಿಯೇ ಒಯ್ಯುವುದೆಂದು ನಿಶ್ಚಯವಾಯಿತು. ಪೆಟ್ಟಿಗೆಯೊಳಗೆ ಕಾಗದದಲ್ಲಿ ಸುತ್ತಿದ ಬಿಳಿಯ ಗಡ್ಡೆಗಳಿದ್ದವು. ಅದಕ್ಕೆ ಡ್ರೈ ಐಸ್ ಎನ್ನುವರೆಂದು ಕೊಟ್ಟವನು ಹೇಳಿದನೇ ಹೊರತು ಮತ್ತೇನನ್ನೂ ಹೇಳಲಿಲ್ಲ. ಬಿಸಿಲು 40 ಡಿಗ್ರಿಯನ್ನು ದಾಟಿದ್ದಿತು. ಗಾಜುಗಳನ್ನು ಏರಿಸಿ, ಒಳಗಿನ ಗಾಳಿಯೇ ತಿರುತಿರುಗಿ ತಂಪಾಗುವಂತೆ ಯಂತ್ರವನ್ನು ಹಾಕಿಕೊಂಡು ಭೀಮೆಯ ಸೇತುವೆಯನ್ನು ದಾಟಿದೆವು. ಶಹಾಪುರದ ಬುದ್ಧ ಮಲಗಿದಂತಿರುವ ಬೆಟ್ಟವು ಕಾಣುವ ಹೊತ್ತಿಗೆ, ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು “ಅಜ್ಜಾ, ತಲಿ ಭಾಳ ನೋಯಾಕತ್ತೈತಿ” ಎಂದಳು. ಅವಳ ತಮ್ಮನು ಏದುಸಿರು ಬಿಡುತ್ತಿದ್ದನು. ಬಿಸಿಲಿನ ಬಾಧೆಯೆಂದು ತಿಳಿದು, ಗಾಜನ್ನು ಇನ್ನೂ ಬಿಗಿಯಾಗಿ ಏರಿಸಲು ಹೇಳಿದವನು ನಾನೇ! ಡ್ರೈವರನಿಗೂ ತಲೆ ಭಾರವಾದುದರಿಂದ ಅವನು ಗಾಡಿಯನ್ನು ಮರದಡಿ ನಿಲ್ಲಿಸಿ ಬಾಗಿಲುಗಳನ್ನೆಲ್ಲ ತೆರೆದನು. ಸ್ವಲ್ಪ ಹೊತ್ತಿನಲ್ಲಿಯೇ ಮಕ್ಕಳು ಚೇತರಿಸಿಕೊಂಡರು. ಆಗ ನನಗೆ ಪೆಟ್ಟಿಗೆಯ ನೆನಪಾಯಿತು.

ಡ್ರೈ ಐಸ್ ಎಂಬುದು ನೀರಿನ ಬರ್ಫವಲ್ಲ. ನಾವು ಉಸಿರಿನಲ್ಲಿ ಹೊರಬಿಡುವ ಇಂಗಾಲಾಮ್ಲವಾಯುವೇ ಘನವಾದ ರೂಪ. 1835ರಲ್ಲಿ ಫ್ರಾನ್ಸಿನ ತಿಲೋರಿಯೇ ಎಂಬಾತನು ಇದನ್ನು ಮೊದಲು ವರ್ಣಿಸಿದನು. ಒತ್ತಡದಿಂದ ದ್ರವವಾಗಿಸಿದ ವಾಯುವನ್ನು ಹೊರಬಿಟ್ಟಾಗ, ಅದರಲ್ಲೊಂದು ಭಾಗವು ಆವಿಯಾಗುತ್ತ ಉಳಿದುದರ ಶಾಖವನ್ನು ಸೆಳೆದುಕೊಂಡಿತು. ಉಳಿದದ್ದು ಹಿಮದಂತೆ ಉದುರಿತು. ಈ ವಸ್ತುವು ದ್ರವವಾಗಿ ನಿಲ್ಲಬೇಕಾದರೆ ವಾಯುಮಂಡಲದ ಐದು ಪಟ್ಟಿಗಿಂತ ಹೆಚ್ಚಿನ ಒತ್ತಡ ಬೇಕು. ನಮ್ಮ ಅಂಗಳದಲ್ಲಿ ಅಷ್ಟು ಒತ್ತಡವೆಲ್ಲಿಯದು? ಆದ್ದರಿಂದ ಶೂನ್ಯಕ್ಕಿಂತ 78.5 ಡಿಗ್ರಿ ಕೆಳಗೆ ಅದು ಘನದಿಂದ ನೇರವಾಗಿ ವಾಯುವಾಗುತ್ತದೆ. ಮನೆಯ ಫ್ರಿಜ್ಜಿನ ಬರ್ಫದ ಖಾನೆಯು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿದ್ದರೂ ಇದಕ್ಕೆ ಅದು 60 ಡಿಗ್ರಿ ಹೆಚ್ಚು ಬಿಸಿಯಾದ ಸ್ಥಳ, ಅಲ್ಲಿಯೂ ಉಳಿಯದು. ಒಂದು ಗ್ರಾಂ ನೀರಿನ ಬರ್ಫವು ಕರಗಲು 80 ಕ್ಯಾಲೊರಿ ಶಾಖವನ್ನು ಹೀರಿದರೆ, ಒಂದು ಗ್ರಾಂ ಡ್ರೈ ಐಸ್ ಆವಿಯಾಗಲು ಸುಮಾರು 137 ಕ್ಯಾಲೊರಿಯನ್ನು ಹೀರುತ್ತದೆ. ಸರಕು ತೋಯುವುದೂ ಇಲ್ಲ. ವ್ಯಾಪಾರಿಗಳಿಗೆ ಇದು ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆವಿಯಾದುದು ಎಲ್ಲಿಗೆ ಹೋಗಬೇಕು? ಸುರಪುರವನ್ನು ತಲಪಿದ ಮೇಲೆ ಲಗ್ನಪತ್ರಿಕೆಯ ಹಿಂಬದಿಯಲ್ಲಿಯೇ ಲೆಕ್ಕ ಹಾಕಿದೆನು. ಒಂದು ಕಿಲೋ ಗಡ್ಡೆಯಿಂದ 27 ಡಿಗ್ರಿಯಲ್ಲಿ ಸುಮಾರು 560 ಲೀಟರು ವಾಯು ಹುಟ್ಟುತ್ತದೆ. ದಾರಿಯಲ್ಲಿ ಕಾಲು ಕಿಲೋ ಸವೆದಿದ್ದರೂ 140 ಲೀಟರಾಯಿತು. ಕಾರಿನೊಳಗೆ 3000 ಲೀಟರು ಗಾಳಿಯೆಂದಿಟ್ಟುಕೊಂಡರೆ, ನೂರರಲ್ಲಿ ನಾಲ್ಕೂವರೆ ಪಾಲಿಗಿಂತ ಹೆಚ್ಚು. ಹೊರಗಿನ ಗಾಳಿಯಲ್ಲಿ ಇದು ನೂರರಲ್ಲಿ 0.04 ಪಾಲು ಮಾತ್ರ. ಐದು ಪಾಲಿನ ಸುಮಾರಿಗೆ ತಲೆನೋವೂ ಏದುಸಿರೂ ಬರುವುವು. ಹತ್ತು ಪಾಲಾದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುವುದು. ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ಟಿಗೆಯನ್ನು ಒಯ್ಯಲೇಬೇಕಾದರೆ ಗಾಜುಗಳನ್ನು ಇಳಿಸಿರಬೇಕು. ವಾಯುವು ಹೊರಹೋಗಲಿಲ್ಲವೆಂದರೆ ಪಾತ್ರೆಯೇ ಸಿಡಿಯುವುದರಿಂದ ಗಡ್ಡೆಯನ್ನು ಬಿರಡೆ ಬಿಗಿದ ಸೀಸೆಯಲ್ಲಿಯಾಗಲಿ ಡಬ್ಬಿಯಲ್ಲಿಯಾಗಲಿ ಇಡಲೇಬಾರದು.

ಅಂದು ಸಂಜೆ ವಧೂವರರ ಮುಂದೆ ಬಿಸಿನೀರಿಗೆ ಇದೇ ಗಡ್ಡೆಯನ್ನು ಹಾಕಿ ಹೊಗೆಯೆಬ್ಬಿಸಿದರು. ಕಣ್ಣಿಗೆ ಕಾಣುವ ಆ ಬಿಳುಪು ಇಂಗಾಲಾಮ್ಲವಾಯುವಲ್ಲ. ತಂಪಿಗೆ ಹನಿಗಟ್ಟಿದ ನೀರಿನ ಆವಿ. ಬೆರಗಾದ ಹುಡುಗನೊಬ್ಬನು ಕೆಳಗೆ ಬಿದ್ದ ಚೂರನ್ನು ಹೆಕ್ಕಿಕೊಳ್ಳಲು ಬಗ್ಗಿದಾಗ ಅವನ ರಟ್ಟೆಯನ್ನು ಹಿಡಿದೆಳೆದೆನು. ಅವನ ತಾಯಿಗೆ ಸಿಟ್ಟು ಬಂದಿತು. 2024ರ ಮಾರ್ಚಿನಲ್ಲಿ ಗುರುಗ್ರಾಮದ ಉಪಾಹಾರಗೃಹವೊಂದರಲ್ಲಿ ಬಾಯಿ ಶುದ್ಧಿಯ ಪದಾರ್ಥವೆಂದು ಡ್ರೈ ಐಸನ್ನು ಬಾಯಿಗೆ ಹಾಕಿಕೊಂಡ ಐವರು ರಕ್ತ ಕಾರಿದ ಸಂಗತಿಯನ್ನು ಹೇಳಿದ ಮೇಲೆ ಆಕೆ ಮಗನನ್ನು ತನ್ನ ಪಕ್ಕದಿಂದ ಏಳಗೊಡಲಿಲ್ಲ. ಬರಿಗೈಯಲ್ಲಿ ಹಿಡಿದರೂ ಸುಟ್ಟಂತೆಯೇ ಬೊಬ್ಬೆಯೇಳುತ್ತದೆ. ದಪ್ಪನೆಯ ಬಟ್ಟೆಯೋ ಚಿಮ್ಮಟವೋ ಬೇಕು.

ಊಟವಾದ ಮೇಲೆ ಉಳಿದ ಗಡ್ಡೆಗಳನ್ನು ಹಿತ್ತಲಿನ ಪಾಳುಬಾವಿಗೆ ಸುರಿಯೋಣವೆಂದರು. ಈ ವಾಯುವು ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಗ್ಗಿನಲ್ಲಿ ನಿಂತುಬಿಡುತ್ತದೆ, ಮರುದಿನ ಬಾವಿಗಿಳಿದವನ ಗತಿಯೇನು? ಮಕ್ಕಳು ಮಲಗುವ ಕೋಣೆಯಿಂದ ಪೆಟ್ಟಿಗೆಯನ್ನು ಎತ್ತಿಸಿ, ತೆರೆದ ಮಾಳಿಗೆಯ ಮೇಲೆ ಮುಚ್ಚಳ ತೆಗೆದು ಇರಿಸಿ, ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿಸಿದೆನು. ಮಾರನೆಯ ದಿನ ಮಧ್ಯಾಹ್ನ ನೋಡಿದಾಗ ಗಡ್ಡೆ ಸುತ್ತಿದ್ದ ಕಾಗದ ಮಾತ್ರ ಒಳಗಿತ್ತು.